ಬಾಗಿದವರಿಗೆ ಕಾಣುವ ಹೂವು

ಮಳೆಗಾಲದಲ್ಲಿ ಉದ್ಯಾನದ ಹುಲ್ಲುಹಾಸಿನಲ್ಲಿಯೂ ಗೋಮಾಳದ ತೇವದ ನೆಲದಲ್ಲಿಯೂ ಹುಲ್ಲಿನೊಂದಿಗೆ ಬೆರೆತು ಹರಡುವ ಪುಟ್ಟ ಸಸ್ಯವೊಂದಕ್ಕೆ ಸಸ್ಯವಿಜ್ಞಾನದಲ್ಲಿ ಓಲ್ಡನ್‌ಲ್ಯಾಂಡಿಯಾ ಕೊರಿಂಬೋಸಾ ಎಂಬ ಹೆಸರಿದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಸಿದ ಈ ಸಸ್ಯವು ಭಾರತದ ನೆಲಕ್ಕೆ ಸಹಜವಾದುದು. ಏಕವಾರ್ಷಿಕ, ಅಂದರೆ ಮೊಳೆತು, ಹೂತು, ಬೀಜ ಚೆಲ್ಲಿ, ವರ್ಷದೊಳಗೇ ಬಾಳು ಮುಗಿಸುವಂಥದು.

ಸಾಸಿವೆ ಕಾಳಿಗಿಂತ ತುಸುವೇ ದೊಡ್ಡದಾದ ಇದರ ಬಿಳಿ ಹೂವಿಗೆ ನಾಲ್ಕು ಎಸಳುಗಳಿರುತ್ತವೆ. ಕಿರಿದಾದ ನೀಳ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು, ಅವುಗಳ ಬುಡವನ್ನು ಉಪಪರ್ಣವೆಂಬ ತೆಳುಪೊರೆ ಬೆಸೆಯುತ್ತದೆ. ಸಾಮಾನ್ಯವಾಗಿ ಒಂದೇ ಕಡ್ಡಿಯ ತುದಿಯಲ್ಲಿ ಎರಡರಿಂದ ಐದು ಹೂಗಳು ಗೊಂಚಲಾಗಿದ್ದರೆ ಅದು ಇದೇ ಸಸ್ಯ; ಪ್ರತಿ ಹೂವಿಗೂ ಎಲೆಯ ಬುಡದಿಂದಲೇ ಪ್ರತ್ಯೇಕವಾದ ನೀಳ ತೊಟ್ಟಿದ್ದರೆ ಅದು ಇದರ ಬಂಧುವಾದ ಓಲ್ಡನ್‌ಲ್ಯಾಂಡಿಯಾ ಹರ್ಬೇಸಿಯಾ. ಕೊಡಗಿನ ಕಾಫಿ ಗಿಡವೂ ಅಂಗಳದ ಕೇಪಳವೂ ಈ ಸಸ್ಯದ ರೂಬಿಯೇಸಿ ಕುಟುಂಬಕ್ಕೇ ಸೇರಿದ್ದು, ಅವುಗಳ ಎಲೆಗಳ ನಡುವೆಯೂ ಅಂಥದೇ ಉಪಪರ್ಣ ಕಾಣುತ್ತದೆ.

ಆಯುರ್ವೇದದಲ್ಲಿ ಕೇರಳದವರು ಕೊರಿಂಬೋಸಾವನ್ನು ಪರ್ಪಟಕವೆಂಬ ಮೂಲಿಕೆಯಾಗಿ ಬಳಸಿದರೆ, ಉತ್ತರ ಭಾರತದಲ್ಲಿ ಅದೇ ಹೆಸರು ಫ್ಯುಮೇರಿಯಾ ಎಂಬ ಬೇರೊಂದು ಸಸ್ಯಕ್ಕೆ ಸಲ್ಲುತ್ತದೆ. ಆದ್ದರಿಂದ ಹೆಸರು ತಿಳಿದ ಮಾತ್ರಕ್ಕೆ ಗುರುತು ಸಿಕ್ಕಂತಾಗುವುದಿಲ್ಲ. ಎಸಳನ್ನು ಎಣಿಸಿ, ತೊಟ್ಟನ್ನು ನೋಡಿ, ಎಲೆಯ ಬುಡವನ್ನು ಪರೀಕ್ಷಿಸಿದ ಮೇಲೆಯೇ ಅರಿವು ಗಟ್ಟಿಯಾಗುತ್ತದೆ. ಮನುಷ್ಯರನ್ನು ಅರಿಯುವ ಬಗೆಯೂ ಇದಕ್ಕಿಂತ ಬೇರೆಯಲ್ಲ.

ನಿಂತು ನೋಡುವವರಿಗೆ ಬರಿಯ ಹಸಿರಾಗಿ ತೋರುವ ನೆಲವು ಬಾಗಿ ನೋಡುವವರಿಗೆ ಹೂದೋಟವಾಗುತ್ತದೆ. ಕೇಳುಗರು ಇಂದು ಹುಲ್ಲಿನ ಬಳಿ ಒಂದು ಕ್ಷಣ ಬಾಗಲಿ.