ಗೆರೆಯನ್ನು ಬದಲಿಸಿರೆಂದು ಕೇಳುವ ಹಕ್ಕು

(ಕಮಠಾಣದಲ್ಲಿ ಗ್ರಾಮಸ್ಥರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಸರಕಾರವು ನಕ್ಷೆಯ ಮೇಲೆ ಒಮ್ಮೆ ಎಳೆದ ಗೆರೆಯು ಹಣೆಯ ಬರಹವಿದ್ದಂತೆ, ಅದನ್ನು ಅಳಿಸುವದು ನಮ್ಮಂಥವರ ಕೈಯಲ್ಲಿ ಇಲ್ಲವೆಂದು ಹೇಳುವವರು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ಅವರಿಗೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿಲ್ಲ. ಈ ಬೀದರ ಜಿಲ್ಲೆಯೇ ಆ ಉತ್ತರವಾಗಿದೆ. ಫಜಲ ಅಲಿ, ಹೃದಯನಾಥ ಕುಂಜ್ರು, ಪಣಿಕ್ಕರ್ ಈ ಮೂವರು ಪಂಡಿತರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸಪ್ಟೆಂಬರದಲ್ಲಿ ಒಪ್ಪಿಸಿದ ವರದಿಯಲ್ಲಿ ಬೀದರನ್ನು ಕರ್ನಾಟಕಕ್ಕೆ ಕೊಟ್ಟಿರಲಿಲ್ಲ. ತೆಲುಗು ಜಿಲ್ಲೆಗಳೊಡನೆ ಉಳಿಯತಕ್ಕ ಹೈದರಾಬಾದ ರಾಜ್ಯದಲ್ಲಿಯೇ ಅದನ್ನು ಇರಿಸಿತ್ತು. ಅಷ್ಟು ದೊಡ್ಡವರು ಎಳೆದ ಗೆರೆ! ಆದರೂ 1956ರ ಕಾನೂನಿನಲ್ಲಿ ಅದು ನಿಲ್ಲಲಿಲ್ಲ. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಕೆಲವು ಭಾಗವು ಆಂಧ್ರದ ಪಾಲಾಯಿತು. ಉಳಿದ ಬೀದರ, ನಿಮ್ಮ ಕಮಠಾಣವನ್ನೂ ಕೂಡಿಕೊಂಡು, 1956ನೆಯ ನವೆಂಬರ 1ರಂದು ಕನ್ನಡ ನಾಡಿನಲ್ಲಿ ಬಂದು ಸೇರಿತು. ಗೆರೆಗಳು ಬದಲಾಗುತ್ತವೆ. ಕೇಳುವವರು ಇರಬೇಕು, ಹೊತ್ತಿಗೆ ಸರಿಯಾಗಿ ಕೇಳಬೇಕು.

ನಾನು ಇಂದು ಹೇಳಬೇಕೆಂದಿರುವದು ಅದಕ್ಕಿಂತ ಚಿಕ್ಕದಾದ, ಆದರೆ ಒಕ್ಕಲಿಗನ ಮನೆಗೆ ಅದಕ್ಕಿಂತ ಹತ್ತಿರವಾದ ಗೆರೆಯ ಮಾತು. ಅದು ರಸ್ತೆಯ ಗೆರೆ. ಇದಕ್ಕೆ ನಿದರ್ಶನವನ್ನು ನಾನು ನಾಡಿನ ಇನ್ನೊಂದು ಗಡಿಯಿಂದ, ಬೆಳಗಾವಿಯಿಂದ ತೆಗೆದುಕೊಳ್ಳುತ್ತೇನೆ. ಗಡಿಯವರ ಕಷ್ಟ ಗಡಿಯವರಿಗೆ ಬೇಗ ತಿಳಿಯುವದು.

ಬೆಳಗಾವಿಯ ಪೂರ್ವಕ್ಕೆ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಹಲಗಾ ಎಂಬ ಗ್ರಾಮವಿದೆ. ದಕ್ಷಿಣಕ್ಕೆ, ಖಾನಾಪುರ ಮಾರ್ಗವಾಗಿ ಗೋವೆಗೆ ಹೋಗುವ ದಾರಿಯಲ್ಲಿ ಮಚ್ಛೆ ಗ್ರಾಮವಿದೆ. ಇವೆರಡನ್ನೂ ಜೋಡಿಸುವ ಸುಮಾರು ಒಂಬತ್ತು ಕಿಲೋಮೀಟರಿನ ಬೈಪಾಸ್ ರಸ್ತೆಯೊಂದನ್ನು ಯೋಜಿಸಲಾಯಿತು. ಗೋವೆಯ ಕಡೆಗೆ ಹೋಗುವ ಲಾರಿಗಳು ಪಟ್ಟಣದೊಳಗೆ ನುಗ್ಗದೆ ಹೊರಗಿಂದಲೇ ಹೋಗಲಿ ಎಂಬುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಗೆರೆಯು ಹಾದುಹೋದದ್ದು ಶಹಾಪುರ, ವಡಗಾವಿ, ಅನಗೋಳಗಳ ರೈತರ ಹೊಲಗಳ ಮೇಲೆ. ಆ ಭೂಮಿಯನ್ನು ನೋಡಿದವರು ಬಲ್ಲರು. ಅದು ಕಪ್ಪು ಮಣ್ಣಿನ, ನೀರು ಹಿಡಿಯುವ ನೆಲ. ಬೆಳಗಾವಿಯ ಬಾಸಮತಿಗೆ ಹೆಸರು ತಂದ ನೆಲ. ಭತ್ತ ಕೊಯ್ದ ಮೇಲೆ ಕಾಳು, ಕಾಯಿಪಲ್ಲೆಗಳನ್ನು ಕೊಡುವ ನೆಲ. ಒಬ್ಬೊಬ್ಬನ ಹಿಡುವಳಿಯೂ ಚಿಕ್ಕದು. ಹತ್ತು ಎಕರೆಯವನ ಹೊಲದಲ್ಲಿ ರಸ್ತೆ ಹಾದರೆ ಅವನಿಗೆ ಎಂಟು ಎಕರೆ ಉಳಿದೀತು. ಅರ್ಧ ಎಕರೆಯವನಿಗೆ ಉಳಿಯುವದು ಬದು ಮಾತ್ರ.

ಆ ರೈತರು ಈ ಗೆರೆ ಬೇಡವೆಂದರು. ಹತ್ತು ವರುಷಗಳಿಗೂ ಮೀರಿ ಅರ್ಜಿ, ಧರಣಿ, ನ್ಯಾಯಾಲಯ ಎಂದು ಅಲೆದರು. ಅವರ ವಾದದಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಒಂದು ಪ್ರಶ್ನೆ: ಈ ಹೆದ್ದಾರಿಯ ‘ಝೀರೋ ಪಾಯಿಂಟ್’, ಅಂದರೆ ಅಳತೆ ಮೊದಲಾಗುವ ಬಿಂದು, ಎಲ್ಲಿದೆ? ಅದು ಪಟ್ಟಣದೊಳಗಿದ್ದರೆ, ಹಲಗಾದಿಂದ ಅಳತೆಯನ್ನು ಹಿಡಿಯಲು ಯಾವ ಪ್ರಕಟಣೆಯ ಆಧಾರವಿದೆ? ನೇಗಿಲು ಹಿಡಿಯುವ ಕೈಯು ರಾಜಪತ್ರವನ್ನು ಹಿಡಿದು ಇಂಥ ಪ್ರಶ್ನೆಯನ್ನು ಕೇಳಿತಲ್ಲ, ಅದನ್ನೇ ನಾನು ಸ್ವರಾಜ್ಯದ ವಿದ್ಯೆಯೆಂದು ಕರೆಯುತ್ತೇನೆ. 2021ರ ನವೆಂಬರದಲ್ಲಿ ಪೋಲೀಸರ ಕಾವಲಿನಲ್ಲಿ ಯಂತ್ರಗಳು ಬೆಳೆಯಿದ್ದ ಹೊಲಕ್ಕೆ ಇಳಿದವು. ರೈತರು ಅಡ್ಡ ಬಿದ್ದರು. ವಿಷಯವು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಇಲ್ಲಿ ಒಂದು ಮಾತನ್ನು ಮುಚ್ಚದೆ ಹೇಳಬೇಕು. ಆ ರೈತರಲ್ಲಿ ಅನೇಕರ ಮನೆಯ ಮಾತು ಮರಾಠಿ. ಅದೇ ಹಲಗಾದ ಬಳಿಯಲ್ಲಿಯೇ ನಮ್ಮ ಸುವರ್ಣ ವಿಧಾನಸೌಧವು 2012ರಲ್ಲಿ ತೆರೆಯಿತು. ಬೆಳಗಾವಿ ಕನ್ನಡ ನಾಡಿನದೆಂದು ಜಗತ್ತಿಗೆ ಸಾರುವದಕ್ಕಾಗಿಯೇ ಆ ಸೌಧ ಎದ್ದಿತು. ‘ಮರಾಠಿಯವರ ಹೊಲಕ್ಕಾಗಿ ಕನ್ನಡಿಗರು ಏಕೆ ಅಳಬೇಕು?’ ಎಂದು ನನ್ನನ್ನು ಕೇಳಿದವರು ಇದ್ದಾರೆ. ಈ ಪ್ರಶ್ನೆಯನ್ನು ಔರಾದ, ಭಾಲ್ಕಿಗಳ ನೆರೆಯವರಾದ ನೀವು ಎಂದೂ ಕೇಳಲಾರಿರಿ. ಒಂದೇ ಬಾವಿಯ ನೀರು ಕುಡಿದು ಎರಡು ಮಾತು ಆಡುವ ಜನ ನೀವು. ಬೆಳಗಾವಿ ನಮ್ಮದೆನ್ನುವವರು ಅಲ್ಲಿಯ ಒಕ್ಕಲಿಗನೂ ನಮ್ಮವನೆನ್ನಬೇಕು. ನೆಲ ಬೇಕು, ಉಳುವವನು ಬೇಡವೆಂದರೆ ಏಕೀಕರಣವು ಅಮೀನನ ಅಳತೆಯ ಸರಪಳಿಯಾದೀತು.

ಇನ್ನು ಕಾನೂನಿನ ಮಾತು. ಉಪಾಧ್ಯಾಯರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ರಾಷ್ಟ್ರೀಯ ಹೆದ್ದಾರಿಗಳ ಕಾನೂನು 1956ರದು. ಅಂದರೆ ಅದು ನಮ್ಮ ನಾಡಿನ ಓರಗೆಯದು. ಭೂಮಿ ಬೇಕಾದಾಗ ಸರಕಾರವು ಮೊದಲು 3ಎ ಕಲಮಿನ ಮೇರೆಗೆ ರಾಜಪತ್ರದಲ್ಲಿ ಪ್ರಕಟಿಸಬೇಕು. ಆ ಪ್ರಕಟಣೆಯ ಸಾರವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಬೇಕು; ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು. ಈ ಕೊನೆಯ ಮಾತಿಗೆ ನಮ್ಮ ಹಿರಿಯರು ಎಷ್ಟು ಬೆಲೆ ಕೊಟ್ಟಿದ್ದರೆಂಬುದು ಇಂದಿನ ಹುಡುಗರಿಗೆ ತಿಳಿಯದು. ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ರೈತನ ಹೊಲದ ಕಾಗದವು ಉರ್ದುವಿನಲ್ಲಿತ್ತು. ತನ್ನ ಹೆಸರನ್ನು ತಾನೇ ಓದಲಾರದೆ ಆತನು ಮತ್ತೊಬ್ಬನ ಕಣ್ಣನ್ನು ಬಾಡಿಗೆಗೆ ಹಿಡಿಯಬೇಕಾಗಿತ್ತು. ಅದರಿಂದ ಬಿಡುಗಡೆ ಪಡೆದ ನಾವು ಇಂದು ಕನ್ನಡದಲ್ಲಿಯೇ ಅಚ್ಚಾದ ಪ್ರಕಟಣೆಯನ್ನು ಓದದೆ ಪತ್ರಿಕೆಯನ್ನು ಮಡಿಸಿ ಇಡುತ್ತೇವೆ!

ಪ್ರಕಟಣೆಯಾದ ಇಪ್ಪತ್ತೊಂದು ದಿನಗಳೊಳಗಾಗಿ ಆ ಭೂಮಿಯಲ್ಲಿ ಹಿತವುಳ್ಳ ಯಾವನೇ ಆಗಲಿ 3ಸಿ ಕಲಮಿನ ಮೇರೆಗೆ ತಕರಾರನ್ನು ಬರೆದು ಕೊಡಬಹುದು. ಕಾರಣಗಳನ್ನು ಕಾಣಿಸಬೇಕು. ಅಧಿಕಾರಿಯು ಅವನನ್ನಾಗಲಿ ಅವನ ವಕೀಲನನ್ನಾಗಲಿ ಕರೆದು ಕೇಳಲೇಬೇಕು. ಆದರೆ ಈ ಇಪ್ಪತ್ತೊಂದು ದಿನಗಳನ್ನು ರಾಜಪತ್ರದ ತಾರೀಖಿನಿಂದ ಎಣಿಸುತ್ತಾರೆ. ಪತ್ರಿಕೆಯು ಹಳ್ಳಿಯ ಚಾವಡಿಗೆ ಬಂದು ಮುಟ್ಟುವ ಹೊತ್ತಿಗೆ ಅವುಗಳಲ್ಲಿ ಕೆಲವು ಕಳೆದಿರುತ್ತವೆ. ಮುಂದೆ 3ಡಿ ಪ್ರಕಟಣೆಯು ಹೊರಬಿತ್ತೆಂದರೆ ಭೂಮಿಯು ಕೇಂದ್ರ ಸರಕಾರದ್ದಾಯಿತು. ಆ ಮೇಲೆ ಉಳಿಯುವದು ಪರಿಹಾರದ ಲೆಕ್ಕ ಮಾತ್ರ. ಹೀಗೆ ಗೆರೆಯನ್ನು ಬದಲಿಸಿರೆಂದು ಕೇಳುವ ಬಾಗಿಲು ಮೂರು ವಾರ ತೆರೆದಿದ್ದು ಮುಚ್ಚಿಹೋಗುತ್ತದೆ. ಯಂತ್ರ ಬಂದ ದಿನ ಎಚ್ಚರವಾದ ಊರು ಹೊತ್ತು ಮೀರಿ ಎದ್ದ ಊರು.

‘ಬಹುಬೆಳೆಯ ನೀರಾವರಿ ಭೂಮಿಯನ್ನು ತೆಗೆದುಕೊಳ್ಳಕೂಡದೆಂಬ ಕಾನೂನು ಇದೆಯಲ್ಲ?’ ಎಂದು ಕೆಲವರು ಕೇಳುವರು. 2013ರ ಭೂಸ್ವಾಧೀನ ಕಾನೂನಿನ ಹತ್ತನೆಯ ಕಲಮು ಹಾಗೆ ಹೇಳುವದು ನಿಜ. ಆದರೆ ಅದೇ ಕಲಮಿನ ಬಾಲದಲ್ಲಿ, ರೈಲುದಾರಿ, ಹೆದ್ದಾರಿ, ಕಾಲುವೆಗಳಂಥ ಉದ್ದುದ್ದ ಸಾಗುವ ಕೆಲಸಗಳಿಗೆ ಇದು ಅನ್ವಯಿಸದೆಂದು ಬರೆದಿದೆ. ಬಾಗಿಲಿಗೆ ಬೀಗ ಹಾಕಿ ಕಿಟಕಿಯನ್ನು ತೆರೆದಿಟ್ಟಂತಾಯಿತು. ನನ್ನ ಮಟ್ಟಿಗೆ ಇದು ಅನ್ಯಾಯ. ಇದನ್ನು ತಿದ್ದಿಸಲು ನಮ್ಮ ಪ್ರತಿನಿಧಿಗಳು ದಿಲ್ಲಿಯಲ್ಲಿ ಬಾಯಿ ತೆರೆಯಬೇಕು.

ಇದನ್ನೆಲ್ಲ ಕೇಳಿ, ರಸ್ತೆಯೇ ಬೇಡವೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ರಸ್ತೆ ಊರಿಂದ ದೂರ ಹೋದರೂ ಅಳುವವರಿದ್ದಾರೆ. 2023ರ ಮಾರ್ಚದಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊರಗಿಟ್ಟು ಸಾಗಿತು. ಹಳೆಯ ದಾರಿಯ ಮಗ್ಗುಲಲ್ಲಿ ಗೊಂಬೆ ಮಾರುತ್ತಿದ್ದ ಚನ್ನಪಟ್ಟಣದ ಅಂಗಡಿಗಳೂ ಮದ್ದೂರಿನ ವಡೆಯ ಹೋಟೆಲುಗಳೂ ಗಿರಾಕಿಗಳಿಲ್ಲದೆ ಕುಗ್ಗಿದವು. ಆದುದರಿಂದ ‘ನಮ್ಮ ಊರಿನಿಂದ ಆಚೆ ತಳ್ಳಿರಿ’ ಎಂಬುದೊಂದೇ ಅರ್ಜಿಯಾಗಲಾರದು. ಆಚೆ ಇರುವವನೂ ಒಬ್ಬ ಒಕ್ಕಲಿಗನೇ. ಇಂಥ ಕಡೆ ಹೊರಳಿಸಿದರೆ ಇಷ್ಟು ಬಾವಿ ಉಳಿಯುವವು, ಇಷ್ಟು ಗಾಯರಾಣ ಬಳಕೆಯಾಗುವದು, ದಾರಿಯು ಇಷ್ಟು ಉದ್ದವಾಗುವದು ಎಂದು ಅಳೆದು ಹೇಳುವ ಅರ್ಜಿಯನ್ನು ಎಂಜಿನಿಯರನು ಸುಲಭವಾಗಿ ತಳ್ಳಿಹಾಕಲಾರನು. ಅವನ ನಕ್ಷೆ ತಿಳಿಯದ ಸಂಗತಿಗಳು ನಿಮಗೆ ತಿಳಿದಿರುತ್ತವೆ. ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ಸುರಂಗದ ಕಾಲುವೆ, ಆ ಕರೇಜು, ನೆಲದ ಹೊಟ್ಟೆಯಲ್ಲಿ ಹರಿಯುತ್ತದೆ. ಮೇಲೆ ಕಾಣುವದು ಸಾಲಾಗಿ ನಿಂತ ಬಾವಿಬಾಯಿಗಳು ಮಾತ್ರ. ಅವುಗಳನ್ನು ಹಾಳು ಬಾವಿಗಳೆಂದು ತಿಳಿದು ಮಣ್ಣು ತುಂಬಿದರೆ ನೀರಿನ ದಾರಿಯೇ ಕಟ್ಟಿಹೋಗುವದು. ನಿಮ್ಮ ಕಮಠಾಣದ ಕೆರೆಗೆ ಮಳೆಯ ನೀರು ಯಾವ ಯಾವ ಹಳ್ಳಗಳಿಂದ ಬಂದು ಕೂಡುತ್ತದೆ, ಯಾವ ದಿಕ್ಕಿನಲ್ಲಿ ಮಣ್ಣೇರಿಸಿದರೆ ಅದು ಬಾರದೆ ನಿಲ್ಲುತ್ತದೆ ಎಂಬುದನ್ನು ದನ ಕಾಯುವ ಹುಡುಗನು ಹೇಳಬಲ್ಲನು.

ಅದಕ್ಕೆಂದೇ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟು. ನಿಮ್ಮ ಶಾಲೆಯ ದೊಡ್ಡ ಹುಡುಗರನ್ನು ಕರೆದುಕೊಂಡು ಊರ ಸೀಮೆಯನ್ನು ಒಮ್ಮೆ ಸುತ್ತಿರಿ. ಸರ್ವೆ ನಂಬರುಗಳ ಪ್ರಕಾರ ಬಾವಿ, ಹಳ್ಳ, ಕೆರೆಯ ಕಾಲುವೆ, ಸ್ಮಶಾನ, ಬಸದಿ, ದರ್ಗಾ, ಗುಡಿ, ಬಂಡಿಯ ದಾರಿ ಎಲ್ಲವನ್ನೂ ಕನ್ನಡದಲ್ಲಿ ಒಂದು ವಹಿಯಲ್ಲಿ ಬರೆದಿಡಿರಿ. ಅದರ ಒಂದು ಪ್ರತಿ ಗ್ರಾಮ ಪಂಚಾಯತಿಯಲ್ಲಿರಲಿ, ಒಂದು ಶಾಲೆಯಲ್ಲಿರಲಿ. ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ, ಪತ್ರಿಕೆಗಳಲ್ಲಿಯ ಸರಕಾರಿ ಪ್ರಕಟಣೆಗಳನ್ನು ಚಾವಡಿಯ ಮುಂದೆ ಗಟ್ಟಿಯಾಗಿ ಓದಿ ಹೇಳಿರಿ. ಮರಾಠಿ, ಉರ್ದು ಮಾತಿನ ಮನೆಗಳಿಗೆ ಅವರವರ ಮಾತಿನಲ್ಲಿ ತಿಳಿಸಿರಿ. ನಿಮ್ಮ ಊರಿನ ಸರ್ವೆ ನಂಬರು ಕಂಡ ದಿನವೇ ತಾರೀಖು ಬರೆದುಕೊಂಡು ಇಪ್ಪತ್ತೊಂದನ್ನು ಎಣಿಸಲು ಮೊದಲುಮಾಡಿರಿ.