ಪಿಂಗಾಣಿ ಸೀಮೆಯ ವಿಶ್ವವಿದ್ಯಾಲಯ

ಎ. ಡಿ. ಲಿಂಡ್ಸೆ ಎಂದಕೂಡಲೇ ಆಕ್ಸ್‌ಫರ್ಡ್ ನೆನಪಾಗುತ್ತದೆ. 1924ರಿಂದ 25 ವರ್ಷ ಬೇಲಿಯಲ್ ಕಾಲೇಜಿನ ಮುಖ್ಯಸ್ಥರು, ನಡುವೆ 1935ರಿಂದ ಮೂರು ವರ್ಷ ಕುಲಪತಿ. ಪ್ಲೇಟೋನ ‘ರಿಪಬ್ಲಿಕ್’ ಅನುವಾದಿಸಿದ ತತ್ತ್ವಶಾಸ್ತ್ರಜ್ಞರು. ದುಂಡುಮೇಜಿನ ಪರಿಷತ್ತಿಗೆಂದು 1931ರಲ್ಲಿ ಇಂಗ್ಲೆಂಡಿಗೆ ಹೋದ ಗಾಂಧೀಜಿ ಆಕ್ಸ್‌ಫರ್ಡಿನಲ್ಲಿ ಇಳಿದುಕೊಂಡದ್ದು ಇವರ ಮನೆಯಲ್ಲೇ. ಒಂದು ಜನ್ಮಕ್ಕೆ ಇಷ್ಟು ಸಾಕಿತ್ತು. ನನ್ನನ್ನು ಮತ್ತೆ ಮತ್ತೆ ಸೆಳೆಯುವುದು ಮಾತ್ರ 70 ತುಂಬಿದ ಮೇಲೆ ಅವರು ಹೊತ್ತುಕೊಂಡ ಕೆಲಸ: ಹೊಸ ಕಾಲೇಜೊಂದನ್ನು ಕಟ್ಟುವುದು.

ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಸುತ್ತಿನದು ಪಿಂಗಾಣಿ ಸೀಮೆ. ಆವಿಗೆಗಳ ಹೊಗೆ, ಕಲ್ಲಿದ್ದಲಿನ ಗಣಿ. ಅಲ್ಲಿನ ಲಾಂಗ್ಟನ್ನಿನಲ್ಲಿ 1908ರಿಂದ ಇತಿಹಾಸಕಾರ ಆರ್. ಎಚ್. ಟಾನಿ ಶುಕ್ರವಾರ ಸಂಜೆಗಳಲ್ಲಿ ದುಡಿಯುವವರಿಗೆ ಆರ್ಥಿಕ ಇತಿಹಾಸ ಹೇಳಿಕೊಡುತ್ತಿದ್ದರು. ಹಗಲೆಲ್ಲ ಮಣ್ಣು ಹಿಡಿದ ಕೈ ರಾತ್ರಿ ಪ್ರಬಂಧ ಬರೆಯುತ್ತಿತ್ತು. ಆ ಹಸಿವು ಬೆಳೆದು ನಮಗೂ ಒಂದು ಕಾಲೇಜು ಬೇಕೆಂದಿತು. ಅದೇ ಸೀಮೆಯ ಎಟ್ರೂರಿಯಾದ ಪಾದ್ರಿ, ನಗರಸಭೆಯ ಮುಖಂಡ ಥಾಮಸ್ ಹಾರ್ವುಡ್ ಆ ಬೇಡಿಕೆ ಕೈಗೆತ್ತಿಕೊಂಡಾಗ ಲಿಂಡ್ಸೆ ಜೊತೆಗೆ ನಿಂತರು.

ತೊಡಕಿದ್ದದ್ದು ಪದವಿಯ ವಿಷಯದಲ್ಲಿ. ಹೊಸ ಕಾಲೇಜುಗಳು ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಮಕ್ಕಳನ್ನು ಕೂರಿಸುವುದು ಆಗಿನ ರೂಢಿ. ಪ್ರಶ್ನೆಪತ್ರಿಕೆ ಯಾರದೋ ಪಾಠವೂ ಅವರದೇ, ಅಲ್ಲವೇ? ಲಿಂಡ್ಸೆ ಜಗ್ಗಲಿಲ್ಲ. ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಮೂರೂ ಬೆನ್ನಿಗೆ ನಿಂತವು. ಮೊದಲ ದಿನದಿಂದಲೇ ಸ್ವಂತ ಪದವಿ ಕೊಡುವ ಅಧಿಕಾರ ಸಿಕ್ಕಿತು. ಆಡಳಿತಗಾರನೊಬ್ಬನ ಹಠ ಇಷ್ಟು ಸಾರ್ಥಕವಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

1950ರ ಅಕ್ಟೋಬರಿನಲ್ಲಿ, ಸ್ನೀಡ್ ಮನೆತನದ ಹಳೆಯ ಬಂಗಲೆ ಕೀಲ್ ಹಾಲ್‌ಗೆ ಸುಮಾರು 150 ವಿದ್ಯಾರ್ಥಿಗಳು ಬಂದರು. ಯುದ್ಧಕಾಲದಲ್ಲಿ ಸೈನ್ಯ ಕಟ್ಟಿಕೊಂಡಿದ್ದ ಶೆಡ್ಡುಗಳೇ ವಾಸಕ್ಕೆ. ಪದವಿಗೆ ನಾಲ್ಕು ವರ್ಷ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ: ಭೌತಶಾಸ್ತ್ರ ಓದಲು ಬಂದವನು ಗ್ರೀಕರ ಬಗ್ಗೆ ಕೇಳಬೇಕು, ಸಾಹಿತ್ಯದ ಹುಡುಗಿ ವಿಜ್ಞಾನಕ್ಕೆ ಕಿವಿಗೊಡಬೇಕು. ತನ್ನ ಶಾಸ್ತ್ರದಾಚೆ ಏನನ್ನೂ ಕಾಣದ ತಜ್ಞನಿಂದ ಸಮಾಜಕ್ಕೆ ಅಪಾಯವೆಂದು ನಂಬಿದ್ದ ಲಿಂಡ್ಸೆ, ಆ ನಂಬಿಕೆಯನ್ನು ವೇಳಾಪಟ್ಟಿಗೇ ಇಳಿಸಿದ್ದರು. ಭಾಷಣ ಮಾಡಿ ಸುಮ್ಮನಾಗುವುದಕ್ಕಿಂತ ಇದು ಎಷ್ಟು ಕಷ್ಟದ್ದೆಂದು ಕಾಲೇಜು ನಡೆಸಿದವರಿಗೆ ಗೊತ್ತು.

1952ರ ಮಾರ್ಚಿನಲ್ಲಿ ಲಿಂಡ್ಸೆ ತೀರಿಕೊಂಡರು. ಮೊದಲ ತಂಡ ಆಗಿನ್ನೂ ಎರಡನೇ ವರ್ಷದಲ್ಲಿತ್ತು. ಆ ತಂಡದ ಕೈಗೆ ಪದವಿ ಬಂದದ್ದು 1954ರಲ್ಲಿ.