ಎಂಜಿನ್ನಿನ ಬಾಯಲ್ಲಿ ಗಾಳಿ

ಪಾತ್ರೆ ತೊಳೆಯುವಾಗ ಊಟದ ತಟ್ಟೆಯೊಂದನ್ನು ನಲ್ಲಿಯ ಕೆಳಗೆ ಮಟ್ಟಸವಾಗಿ ಹಿಡಿದು ನೋಡಿ. ಬಿದ್ದ ನೀರು ತೆಳ್ಳಗೆ, ರಭಸದಿಂದ ಸುತ್ತಲೂ ಹರಡುತ್ತದೆ. ತುಸು ದೂರ ಹೋಗಿ ತಟಕ್ಕನೆ ಉಬ್ಬಿ, ಬಳೆಯಂಥ ಅಂಚು ಕಟ್ಟಿ, ಅಲ್ಲಿಂದಾಚೆ ನಿಧಾನವಾಗುತ್ತದೆ. ಶಬ್ದವನ್ನು ಮೀರಿದ ವೇಗದ ಗಾಳಿಯೂ ಹೆಚ್ಚುಕಡಿಮೆ ಹಾಗೆಯೇ. ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ದಾಟುವಷ್ಟರಲ್ಲಿ ಅದರ ವೇಗ ಕುಸಿದು, ಒತ್ತಡವೂ ಕಾವೂ ಏರಿಬಿಡುತ್ತವೆ. ಆ ಪದರವೇ ಆಘಾತ ತರಂಗ.

ಶಬ್ದವನ್ನು ಮೀರಿ ಹಾರುವ ವಿಮಾನದ ಜೆಟ್ ಎಂಜಿನ್ನಿಗೆ ಈ ತರಂಗ ಬೇಕೇ ಬೇಕು. ವಿಮಾನ ಎಷ್ಟೇ ವೇಗವಾಗಿ ಹಾರಲಿ, ಎಂಜಿನ್ನಿನ ಅಲಗುಗಳಿಗೆ ಗಾಳಿ ಶಬ್ದಕ್ಕಿಂತ ನಿಧಾನವಾಗಿ, ಹದವಾಗಿ ಬರಬೇಕು. ಒಂದೇ ದೊಡ್ಡ ಆಘಾತದಲ್ಲಿ ತಡೆದರೆ ಗಾಳಿಯ ಶಕ್ತಿ ಬಹಳಷ್ಟು ಪೋಲಾಗುತ್ತದೆ. ಹಾಗಾಗಿ ಹಲವು ಓರೆ ತರಂಗಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಸಿ, ಕೊನೆಗೊಂದು ನೇರ ತರಂಗದಲ್ಲಿ ಪಳಗಿಸುತ್ತಾರೆ.

ಈ ಕೆಲಸ ಅತ್ಯುತ್ತಮವಾಗಿ ನಡೆದದ್ದು ಅಮೆರಿಕದ ಎಸ್‌ಆರ್-71ರಲ್ಲಿ ಎಂದು ನನ್ನ ನಂಬಿಕೆ. 1964ರಲ್ಲಿ ಮೊದಲು ಹಾರಿದ ಈ ಬೇಹು ವಿಮಾನದ ವೇಗ ಶಬ್ದದ ಮೂರು ಪಟ್ಟಿಗೂ ಮಿಕ್ಕಿತ್ತು. ಎರಡೂ ಎಂಜಿನ್ನುಗಳ ಬಾಯಿಂದ ತಲಾ ಒಂದು ಚೂಪಾದ ಶಂಕು ಮುಂದೆ ಚಾಚಿರುತ್ತಿತ್ತು. ವೇಗ ಏರಿದಂತೆ ಅದು ಸುಮಾರು 66 ಸೆಂಟಿಮೀಟರ್ ಹಿಂದಕ್ಕೆ ಸರಿದು, ತುದಿಯಿಂದ ಹೊರಟ ತರಂಗವನ್ನು ಬಾಯಂಚಿನ ಬಳಿಯೇ ಇರಿಸುತ್ತಿತ್ತು. ಅಲಗು ಮುಟ್ಟುವ ಹೊತ್ತಿಗೆ ಗಾಳಿಯ ವೇಗ ಶಬ್ದದ ಅರ್ಧಕ್ಕಿಂತ ಕಡಿಮೆ! ಗರಿಷ್ಠ ವೇಗದಲ್ಲಿ ನೂಕುಬಲದ ಅರ್ಧಕ್ಕೂ ಹೆಚ್ಚು ಪಾಲು ಬರುತ್ತಿದ್ದುದು ಈ ಬಾಯಿಯಿಂದಲೇ.

ಲೆಕ್ಕ ಸ್ವಲ್ಪ ತಪ್ಪಿತೋ, ಒಳಗೆ ನಿಲ್ಲಬೇಕಾದ ಕೊನೆಯ ನೇರ ತರಂಗ ಹೊರಕ್ಕೆ ಚಿಮ್ಮುತ್ತದೆ. ಇದಕ್ಕೆ 'ಅನ್‌ಸ್ಟಾರ್ಟ್' ಎನ್ನುತ್ತಾರೆ. ಆ ಪಕ್ಕದ ಬಲ ಕ್ಷಣದಲ್ಲಿ ಕುಸಿದು ವಿಮಾನ ಅತ್ತ ಹೊರಳುತ್ತದೆ. ಚಾಲಕನ ಶಿರಸ್ತ್ರಾಣ ಪಕ್ಕದ ಗಾಜಿಗೆ ಅಪ್ಪಳಿಸಿದ್ದೂ ಉಂಟು.

ಇನ್ನೊಂದು ಕಾಟವಿದೆ. ಶಂಕುವಿನ ಮೈಗೆ ಅಂಟಿಕೊಂಡೇ ಸಾಗುವ ಗಾಳಿಯ ಪೊರೆ ಮೊದಲೇ ಸೋತಿರುತ್ತದೆ. ತರಂಗ ತಾಗಿದರೆ ಅದು ಮೈಬಿಟ್ಟು ಎದ್ದು, ದಾರಿಯನ್ನೇ ಕೆಡಿಸುತ್ತದೆ. ಅದನ್ನು ಸಣ್ಣ ಸೀಳುಗಳ ಮೂಲಕ ಹೀರಿ ಹೊರಹಾಕುತ್ತಾರೆ. ಆಘಾತ ತರಂಗಕ್ಕೂ ಈ ಪೊರೆಗೂ ನಡೆಯುವ ಸೆಣಸಾಟವನ್ನು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ವಿಜ್ಞಾನಿ ಹಾನ್ಸ್ ಲೀಪ್‌ಮನ್ ಅವರೊಡನೆ ಅಭ್ಯಾಸ ಮಾಡಿದವರಲ್ಲಿ ನಮ್ಮ ವಿಜ್ಞಾನಿ ಸತೀಶ್ ಧವನ್ ಒಬ್ಬರು. 1951ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ದೇಶದ ಮೊದಲ ಶಬ್ದಾತೀತ ಗಾಳಿ ಸುರಂಗವನ್ನು ಅಲ್ಲಿಯೇ ಕಟ್ಟಿದರು.